ಏಳುನೂರ ಹತ್ತು ಗ್ರಾಂ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದವರು
ಹಾಸಿಗೆಯನ್ನೇ ಹೊಲಿಯುವವಳ ಪಾಡು ಕಂಡವರಲ್ಲ.
ನಾನು ಮೊದಲು ಕಾಲು ಅಳೆಯುತ್ತೇನೆ,
ಆಮೇಲೆ ಭುಜ, ಆಮೇಲೆ
ನಿದ್ದೆಯಲ್ಲಿ ಪಾದ ಹೊರಕ್ಕೆ ವಾಲುವ ಓರೆ.
ಮಿಕ್ಕಿದ್ದೆಲ್ಲ ಕತ್ತರಿಗೆ.

ಯಾಕುತ್ಸ್ಕ್‌ನಲ್ಲಿ ಮೂರನೆಯ ಮಹಡಿ.
ಕಿಟಕಿ ಗಾಜಿನ ಒಳಮೈಗೆ ಬೆರಳು ದಪ್ಪ ಹಿಮ.
ಚಿನ್ನದಂಗಡಿ ಮುಚ್ಚಿದವನಿಂದ ಕೊಂಡ ತಕ್ಕಡಿಯಲ್ಲಿ
ಜಿಪ್ ಇಟ್ಟೆ: ನೂರ ಹನ್ನೆರಡು.
ಕಿತ್ತೆ. ಮೈನಸ್ ಐವತ್ತರಲ್ಲಿ ಅದು ಹೇಗೂ
ಹಲ್ಲು ಕಚ್ಚಿ ಕೂರುತ್ತದೆ.
ನೇತುಹಾಕುವ ಕುಣಿಕೆ: ನಾಲ್ಕು. ಕಿತ್ತೆ.
ನನ್ನ ಹೆಸರಿನ ಪಟ್ಟಿ: ಒಂದೂವರೆ.
ಸ್ವಲ್ಪ ಹೊತ್ತು ನೋಡಿದೆ.
ಕಿತ್ತೆ.

ಹೆಬ್ಬಾತಿನ ಎದೆಯ ಮೆದುಗರಿ ತೂಗುವಾಗ
ಉಸಿರು ಬಿಗಿಹಿಡಿಯಬೇಕು;
ಸೀನಿದರೆ ಅರ್ಧ ದಿನದ ಕೂಲಿ ಗಾಳಿಪಾಲು.
ಬಿಸುಪು ಗರಿಯದಲ್ಲ, ಗರಿಗಳ ನಡುವೆ ಸಿಕ್ಕಿಕೊಂಡು
ಅಲುಗಾಡಲಾಗದ ಗಾಳಿಯದು.
ದಿನವಿಡೀ ನಾನು ಮಾಡುವುದಿಷ್ಟೇ:
ಏನೂ ಇಲ್ಲದ್ದಕ್ಕೆ ಕೋಣೆ ಕಟ್ಟುವುದು.

ಸೋದರಮಾವ ಇನ್ನೊಕೆಂತಿಗೆ ಬೆಟ್ಟದ ಆಚೆ
ಮುನ್ನೂರು ಹಿಮಸಾರಂಗ.
ಅವನ ಅವ್ವ ಹೊಲಿದ ಚರ್ಮದ ಕುಕುಲ್ ಎಂಟು ಕಿಲೋ,
ಅದರೊಳಗೆ ಹೊಕ್ಕರೆ ಸತ್ತ ಸಾರಂಗವೂ ಮೈ ಕಾಯಿಸುತ್ತದಂತೆ.
ಆದರೆ ಸ್ನೋಮೊಬೈಲ್ ಕೆಟ್ಟ ದಿನ ಬೆನ್ನೇ ಬಂಡಿ,
ಮಂಡಿಗೆ ಅರವತ್ತೊಂದು ವರ್ಷ.
ನನ್ನ ಚೀಲ ಕೊಟ್ಟೆ. ಸಾವಿರದ ಮುನ್ನೂರ ತೊಂಬತ್ತು.
ಮುದುರಿದರೆ ರೊಟ್ಟಿಯ ಗಾತ್ರ.
ಅಂಗೈಯಲ್ಲಿ ಎತ್ತಿ ಎತ್ತಿ ನೋಡಿ ಕೇಳಿದ:
‘ಇದು ಚೀಲವೋ, ಚೀಲದ ಸುದ್ದಿಯೋ?’

ಹನ್ನೊಂದು ರಾತ್ರಿ ಕಳೆದು ಬಂದ.
ಮಾತಿಲ್ಲ. ಚೀಲವನ್ನು ಮೇಜಿಗೆ ಒರಗಿಸಿದ.
ಸಂತೆಯ ಮೀನಿನ ಹಾಗೆ, ಮರಗಟ್ಟಿ,
ಅದು ತಾನಾಗಿ ನಿಂತಿತು.
ತೂಗಿದೆ. ಎರಡು ಸಾವಿರದ ನೂರು.
ಮತ್ತೆ ತೂಗಿದೆ.
‘ಏನು ತುಂಬಿಕೊಂಡು ಬಂದೆ?’
‘ಏನೂ ಇಲ್ಲ. ಮಲಗಿದೆ, ಅಷ್ಟೆ.’

ರೇಡಿಯೇಟರಿನ ಮೇಲೆ ಹರವಿ, ಕೆಳಗೆ ಬೋಗುಣಿ ಇಟ್ಟೆ.
ರಾತ್ರಿಯೆಲ್ಲ ತೊಟ್ಟು, ತೊಟ್ಟು.
ಅವನ ಮೈ ಬಿಟ್ಟ ಆವಿ, ಬಾಯಿ ಬಿಟ್ಟ ಉಸಿರು,
ಹೊರಗೆ ಹೋಗುವ ದಾರಿಯಲ್ಲಿ ಚಳಿಗೆ ಸಿಕ್ಕು
ನನ್ನ ಗರಿಗಳ ನಡುವೆಯೇ ಕೂತುಬಿಟ್ಟದ್ದು;
ಬೋಗುಣಿಯಲ್ಲಿ ಈಗ ಹೊಗೆಯ ವಾಸನೆ, ಚಹಾದ ವಾಸನೆ.
ಇಷ್ಟು ದಿನ ನಾನು ಖಾಲಿ ಚೀಲ ತೂಗುತ್ತಿದ್ದೆ.
ಒಳಗೊಬ್ಬ ಬದುಕಿರುತ್ತಾನೆಂದು
ಲೆಕ್ಕದ ಪುಸ್ತಕದಲ್ಲಿ ಎಲ್ಲೂ ಬರೆದಿರಲಿಲ್ಲ.

‘ಅವ್ವನದನ್ನು ಬೆಳಿಗ್ಗೆ ತಿರುವಿಹಾಕಿ
ಕೋಲಿನಿಂದ ಬಡಿದರೆ ಹಿಟ್ಟಿನ ಹಾಗೆ ಉದುರುತ್ತಿತ್ತು.
ನಿನ್ನದನ್ನು ಬಡಿದರೆ ಅದೂ ಅತ್ತಿತು, ನಾನೂ.’
ಮೂರನೆಯ ಲೋಟ ಚಹಾ ಮುಗಿಸಿ ಅಂದ:
‘ಕಾಲ ಬಳಿ ಒಂದು ಗೇಣು ಹೆಚ್ಚು ಬಿಡು.
ಬೂಟಿನ ಒಳಪದರ ಎಲ್ಲಿ ಒಣಗಲಿ? ಫೋನಿನ ಬ್ಯಾಟರಿ?
ಒಬ್ಬನೇ ಮಲಗುತ್ತೇನೆ ಅಂದುಕೊಂಡೆಯಾ?’

ಆವಿ ದಾಟದ ತೆಳು ಪೊರೆ ಒಳಗೆ: ತೊಂಬತ್ತೈದು.
ಒಂದು ಗೇಣು: ಅರವತ್ತು.
ಕುಣಿಕೆ ಮತ್ತೆ ಹೊಲಿದೆ, ನಾಲ್ಕೇ ನಾಲ್ಕು;
ಒಣಹಾಕದೆ ಯಾವ ಹಾಸಿಗೆ ತಾನೆ ಉಳಿದೀತು?
ಹೆಸರಿನ ಪಟ್ಟಿ ಡಬ್ಬಿಯಲ್ಲೇ ಇದೆ.

ಮಾವ ಬೆಂಚಿನ ಮೇಲೆ ಕೋಟು ಹೊದ್ದು ಗೊರಕೆ ಹೊಡೆದ.
ಬೆಳಗಾದಾಗ ಕಿಟಕಿಯ ಒಳಗಿನ ಹಿಮ
ಕೂದಲೆಳೆಯಷ್ಟು ದಪ್ಪವಾಗಿತ್ತು.
ಅದನ್ನು ತೂಗಲು ಹೋಗಲಿಲ್ಲ.